ಸೆಲ್ಫ್ ಹೊಡೆಯುವ ಗಾಡಿ

ಪೂರ್ತಿ ಸತ್ತ ಗಾಡಿಯ ಮೇಲೆ ನನಗೆ ಸಿಟ್ಟಿಲ್ಲ. ಕೀ ತಿರುಗಿಸಿದರೆ ಟಿಕ್ ಎಂದೂ ಅನ್ನದ ಗಾಡಿ ಮರ್ಯಾದಸ್ಥ ಗಾಡಿ. ನನ್ನ ಕೈಲಾಗುವುದಿಲ್ಲ ಎಂದು ಮುಖಕ್ಕೆ ಹೇಳಿಬಿಡುತ್ತದೆ. ನಾವು ಬಾಗಿಲು ಹಾಕಿ ಬಸ್ಸು ಹತ್ತುತ್ತೇವೆ. ಸೆಲ್ಫ್ ಹೊಡೆದೂ ಸ್ಟಾರ್ಟ್ ಆಗದ ಗಾಡಿ ಇದೆಯಲ್ಲ, ಅದು ಹಾಗಲ್ಲ. ಕೀ ತಿರುಗಿಸಿದಾಗೆಲ್ಲ ಎಂಜಿನ್ನು ಗರಗರ ತಿರುಗುತ್ತದೆ, ಇನ್ನೇನು ಸ್ಟಾರ್ಟ್ ಆಗಿಯೇಬಿಟ್ಟಿತು ಅನ್ನಿಸುತ್ತದೆ, ಆಗುವುದಿಲ್ಲ. ಇನ್ನೊಂದು ಸಲ ನೋಡೋಣ ಎಂದು ಮತ್ತೆ ತಿರುಗಿಸುತ್ತೇವೆ. ಅದು ನಮ್ಮನ್ನು ಹೋಗಲೂ ಬಿಡುವುದಿಲ್ಲ, ಕರೆದುಕೊಂಡೂ ಹೋಗುವುದಿಲ್ಲ.

ನಾನು ಶಿವಮೊಗ್ಗದಲ್ಲಿ ಹೆಂಗಸರಿಗೆ ಕಾರು ಓಡಿಸಲು ಕಲಿಸುತ್ತೇನೆ. ಕಲಿತು ಹೋದವರು ಆಗಾಗ ಫೋನ್ ಮಾಡುತ್ತಾರೆ. "ಮೇಡಂ, ಸೆಲ್ಫ್ ಹೊಡೀತಿದೆ, ಸ್ಟಾರ್ಟ್ ಆಗ್ತಾ ಇಲ್ಲ." ಹಿಂದಿನಿಂದ ಗಂಡನ ದನಿ ಕೇಳುತ್ತದೆ: ಬ್ಯಾಟರಿ ಹೋಗಿದೆ ಅಂತ ಹೇಳು. ಬ್ಯಾಟರಿ ಹೋಗಿದ್ದರೆ ಎಂಜಿನ್ನು ತಿರುಗುತ್ತಲೇ ಇರಲಿಲ್ಲ ಮಹಾನುಭಾವ ಎಂದು ಮನಸ್ಸಿನಲ್ಲೇ ಬೈದು, ಒಂದೊಂದಾಗಿ ಕೇಳುತ್ತೇನೆ. ಪೆಟ್ರೋಲ್ ಇದೆಯಾ? ನಗಬೇಡಿ, ಎಷ್ಟೋ ಸಲ ವಿಷಯ ಅಲ್ಲೇ ಮುಗಿಯುತ್ತದೆ. ಕೀಯನ್ನು ಅರ್ಧ ತಿರುಗಿಸಿದಾಗ ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪು ಗುಂಯ್ ಅನ್ನುತ್ತದೆಯಾ? ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಚೂರಾದರೂ ಅಲುಗುತ್ತದೆಯಾ? ಈ ಕೊನೆಯ ಪ್ರಶ್ನೆ ಕೇಳುವಾಗ ನನ್ನ ದನಿ ಗಡುಸಾಗುತ್ತದಂತೆ. ಒಬ್ಬಾಕೆ ಹೇಳಿದಳು, "ಮೇಡಂ, ಪೊಲೀಸರ ಥರ ಕೇಳ್ತೀರಲ್ಲ." ಯಾಕೆ ಎಂದು ಅವಳಿಗೆ ಹೇಳಲಿಲ್ಲ.

ನನ್ನ ಅಪ್ಪ ಭದ್ರಾವತಿಯ ಒಂದು ಕಾರ್ಖಾನೆಯ ಗಾಡಿ ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ನಾನೂ ತಂಗಿಯೂ ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ಎಡಗಡೆ ಮನೆಯಲ್ಲಿ ತಮಿಳು, ಬಲಗಡೆ ಮನೆಯಲ್ಲಿ ತೆಲುಗು, ನಡುವೆ ನಮ್ಮದು. ಸಾರಿನ ಪಾತ್ರೆಗಳು ಮೂರೂ ಮನೆಗೆ ಓಡಾಡುತ್ತಿದ್ದವು, ಯಾವ ಪಾತ್ರೆ ಯಾರದು ಎಂದು ಅಮ್ಮನಿಗೆ ಕೊನೆತನಕ ಸರಿಯಾಗಿ ಗೊತ್ತಾಗಲಿಲ್ಲ. ತಂಗಿಗೆ ಗ್ರೀಸಿನ ವಾಸನೆಯೆಂದರೆ ಆಗುತ್ತಿರಲಿಲ್ಲ. ನನಗೆ ಅದೇ ಹಿಡಿಸಿತು. ಗಂಡುಮಕ್ಕಳಿಲ್ಲದ ಅಪ್ಪ ಭಾನುವಾರ ಯಾರದೋ ಗಾಡಿಯನ್ನು ಮನೆಮುಂದೆ ನಿಲ್ಲಿಸಿಕೊಂಡು ಬಿಚ್ಚುವಾಗ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಕೈ ಹಾಕುವ ಮೊದಲು ಕಿವಿ ಕೊಡಬೇಕು ಎನ್ನುವುದು ಅವರ ಮೊದಲ ಪಾಠ. ಎಂಜಿನ್ನಿಗೆ ಬೇಕಾದ್ದು ಪೆಟ್ರೋಲು, ಕಿಡಿ, ಗಾಳಿ. ಯಾವುದು ಬಂದಿಲ್ಲ ಅಂತ ಅದನ್ನೇ ಕೇಳು, ಸುಳ್ಳು ಹೇಳೋಕೆ ಅದೇನು ಮನುಷ್ಯನಾ ಅನ್ನುತ್ತಿದ್ದರು.

ಶೆಡ್ಡಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಬಾನೆಟ್ ತೆಗೆದವರೇ ಅದನ್ನು ಮುಚ್ಚಬೇಕು, ಎಂಜಿನ್ ಸ್ಟಾರ್ಟ್ ಆದಮೇಲೇ ಮುಚ್ಚಬೇಕು. ಪಾಳಿ ಮುಗಿದು ಸೈರನ್ ಆದರೂ ಅಷ್ಟೇ. ತೆರೆದ ಬಾನೆಟ್ಟನ್ನು ಮುಂದಿನ ಪಾಳಿಯವನಿಗೆ ಬಿಟ್ಟುಹೋದವನನ್ನು ಕ್ಯಾಂಟೀನಿನಲ್ಲಿ ವಾರಗಟ್ಟಲೆ ಆಡಿಕೊಳ್ಳುತ್ತಿದ್ದರು. ಅಪ್ಪ ಊಟ ಬಿಟ್ಟಾರು, ಬಾನೆಟ್ ಬಿಟ್ಟವರಲ್ಲ. ನನಗೂ ಅದೇ ಚಟ ಅಂಟಿತು. ಅಪ್ಪನಿಗೆ ಅದೊಂದು ಹೆಮ್ಮೆ. ಬಂದವರ ಮುಂದೆಲ್ಲ, "ಇವಳು ಒಂದು ಸಲ ಕೈ ಹಾಕಿದ್ರೆ ಮುಗೀತು, ದೇವರು ಬಂದ್ರೂ ಏಳಲ್ಲ" ಎಂದು ಹೇಳಿಕೊಳ್ಳುತ್ತಿದ್ದರು. ಹೊಗಳಿಕೆ ಎಂದು ನಾನು ಹಿಗ್ಗುತ್ತಿದ್ದೆ.

ಅಪ್ಪ ನಿವೃತ್ತರಾದ ಮೇಲೆ ಶಿವಮೊಗ್ಗಕ್ಕೆ ಬಂದೆವು. ಅಮ್ಮ ಹೋಗಿಬಿಟ್ಟಳು. ನಾನು ಮದುವೆಯಾಗಲಿಲ್ಲ, ವಿನೋಬನಗರದ ಬಾಡಿಗೆ ಮನೆ, ಒಂದು ಹಳೇ ಪೆಟ್ರೋಲ್ ಕಾರು, ನನ್ನ ಡ್ರೈವಿಂಗ್ ಸ್ಕೂಲು, ಅಪ್ಪ. ತಂಗಿ ಭದ್ರಾವತಿಯ ಒಂದು ಆಸ್ಪತ್ರೆಯಲ್ಲಿ ನರ್ಸು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಅಲ್ಲೇ ಅವಳಿಗೆ ಆ ಹುಡುಗ ಮತ್ತೆ ಸಿಕ್ಕಿದ್ದು. ಮತ್ತೆ ಎಂದೆ, ಯಾಕೆಂದರೆ ಅವನು ನಮ್ಮ ಎಡಗಡೆ ಮನೆಯ ತಮಿಳರ ಮಗ. ಅವನ ಅಪ್ಪ ನಮ್ಮಪ್ಪನ ಶೆಡ್ಡಿನ ಜೋಡಿ. ಒಂದೇ ಗಾಡಿಯ ಕೆಳಗೆ ತಲೆಗೆ ತಲೆ ತಾಗಿಸಿ ಮಲಗಿ ಕೆಲಸ ಮಾಡಿದವರು, ಒಂದೇ ಬೀಡಿಯನ್ನು ಅರ್ಧರ್ಧ ಸೇದಿದವರು. ಆತ ತೀರಿಕೊಂಡಾಗ ನಮ್ಮಪ್ಪ ಹೆಣಕ್ಕೆ ಹೆಗಲು ಕೊಟ್ಟು, ಮನೆಗೆ ಬಂದು ಸ್ನಾನ ಮಾಡಿ, ಮೂರು ದಿನ ಯಾರ ಜೊತೆಯೂ ಮಾತಾಡಿರಲಿಲ್ಲ.

ತಂಗಿ ವಿಷಯ ಹೇಳಿದಾಗ ಅದೇ ಅಪ್ಪ, "ಅವರು ಯಾರು, ನಾವು ಯಾರು?" ಎಂದರು. ಹೆಗಲು ಕೊಡುವಾಗ ಇಲ್ಲದ ಜಾತಿ ಮಗಳನ್ನು ಕೊಡುವಾಗ ಎಲ್ಲಿಂದ ಬಂತು ಎಂದು ನಾನು ಕೇಳಿಯೂಬಿಟ್ಟೆ. "ಸ್ನೇಹ ಬೇರೆ, ಸಂಬಂಧ ಬೇರೆ. ನಿಂಗೆ ಅದೆಲ್ಲ ಗೊತ್ತಾಗಲ್ಲ ಬಿಡು" ಎಂದರು. ಮದುವೆಯಾಗದವಳಿಗೆ ಸಂಬಂಧದ ವಿಷಯ ಏನು ಗೊತ್ತು ಎನ್ನುವ ಅರ್ಥ. ಕೂಗಾಟ ಏನೂ ನಡೆಯಲಿಲ್ಲ. ತಂಗಿ ಒಂದು ಬ್ಯಾಗಿನಲ್ಲಿ ಬಟ್ಟೆ ತುಂಬಿಕೊಂಡು ಭದ್ರಾವತಿಯ ಗೆಳತಿಯ ರೂಮಿಗೆ ಹೋದಳು. ಅಪ್ಪ ಪೇಪರು ಓದುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ.

ಕೆಲವು ವಾರಗಳ ಮೇಲೆ ಅವಳು ನನಗೆ ಫೋನ್ ಮಾಡಿದಳು. ರಿಜಿಸ್ಟರ್ ಮದುವೆಗೆ ದಿನ ಗೊತ್ತಾಗಿದೆ, ಭದ್ರಾವತಿಯ ಆಫೀಸಿನಲ್ಲಿ, ಹನ್ನೊಂದು ಗಂಟೆಗೆ. ಮೂರು ಸಾಕ್ಷಿ ಬೇಕು, ಇಬ್ಬರು ಗೆಳೆಯರು ಇದ್ದಾರೆ. "ಮೂರನೇದು ನೀನು ಅಕ್ಕಾ" ಎಂದಳು. "ಯಾರನ್ನಾದ್ರೂ ಕರೀಬಹುದು, ಸಹಿ ಹಾಕೋರಿಗೇನು ಬರ. ಆದ್ರೆ ನಾಳೆ ನಂಗೆ ಮನೆಯವರು ಅಂತ ಯಾರೂ ಬರ್ಲಿಲ್ಲ ಅಂತ ಆಗಬಾರ್ದು. ನಿನ್ನ ಸಹಿ ಇರ್ಲಿ." ಬರ್ತೀನಿ ಎಂದೆ. ಅಮ್ಮನ ಕರಿಮಣಿ ಸರ ನನ್ನ ಹತ್ತಿರ ಇತ್ತು. ಅದನ್ನೂ ತರ್ತೀನಿ, ನಾನೇ ನಿನ್ನ ಕೊರಳಿಗೆ ಹಾಕ್ತೀನಿ ಎಂದೆ. ಅವಳು ಅತ್ತಳು.

ಅಪ್ಪನಿಗೆ ನಾನು ಹೇಳಿದ್ದು, ಭದ್ರಾವತಿಯಲ್ಲಿ ಹಳೇ ವಿದ್ಯಾರ್ಥಿನಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಹೋಗಿ ಬರ್ತೀನಿ ಎಂದು. ರೇಷ್ಮೆ ಸೀರೆ ಉಡಲು ಅಂಥದ್ದೊಂದು ನೆಪ ಬೇಕಿತ್ತು. "ಹೂಂ, ಹೋಗಿ ಬಾ" ಎಂದರು. ನನಗೆ ಗೊತ್ತಿಲ್ಲದ ಒಂದು ಸಂಗತಿ ಎಂದರೆ ಅಪ್ಪನಿಗೆ ಎಲ್ಲ ಗೊತ್ತಿತ್ತು. ಇಂಥ ಮದುವೆಗೆ ಅರ್ಜಿ ಹಾಕಿದರೆ ಹುಡುಗ ಹುಡುಗಿಯ ವಿವರವನ್ನು ಒಂದು ತಿಂಗಳು ಆಫೀಸಿನ ಗೋಡೆಗೆ ಅಂಟಿಸಿರುತ್ತಾರೆ. ಭದ್ರಾವತಿಯಲ್ಲಿ ಮಾಡಲು ಬೇರೆ ಕೆಲಸವಿಲ್ಲದ ಯಾರೋ ಹಳೇ ಪರಿಚಯದವರು ಅದನ್ನು ಓದಿ, ಅಪ್ಪನಿಗೆ ಫೋನ್ ಮಾಡಿ ಪುಣ್ಯ ಕಟ್ಟಿಕೊಂಡಿದ್ದರು. ಈ ಫೋನಿನ ವಿಷಯ ನನಗೆ ತಿಳಿದದ್ದು ಬಹಳ ಆಮೇಲೆ.

ಆ ದಿನ ಬೆಳಿಗ್ಗೆ ಸೀರೆ ಉಟ್ಟು, ಕರಿಮಣಿ ಸರವನ್ನು ಪರ್ಸಿನಲ್ಲಿಟ್ಟುಕೊಂಡು, ಬೇಕಾದಷ್ಟು ಮುಂಚೆಯೇ ಹೊರಗೆ ಬಂದೆ. ಕೀ ಅರ್ಧ ತಿರುಗಿಸಿದೆ. ಪಂಪು ಗುಂಯ್ ಎಂದು ಸುಮ್ಮನಾಯಿತು, ಪೆಟ್ರೋಲಿಗೆ ತೊಂದರೆಯಿಲ್ಲ. ಪೂರ್ತಿ ತಿರುಗಿಸಿದೆ. ಎಂಜಿನ್ನು ಚೆನ್ನಾಗಿ ತಿರುಗಿತು, ಸ್ಟಾರ್ಟ್ ಆಗಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಅದೇ ಗರಗರ. ಹಿಂದಿನ ಸಂಜೆ ಇಬ್ಬರು ಹೆಂಗಸರು ಅದೇ ಗಾಡಿಯನ್ನು ಗೋಪಾಳದವರೆಗೆ ಓಡಿಸಿ ತಂದಿದ್ದರು, ಕೆಮ್ಮಿಯೂ ಇರಲಿಲ್ಲ.

ಅಪ್ಪ ಕಾಫಿ ಲೋಟ ಹಿಡಿದುಕೊಂಡು ಗೇಟಿಗೆ ಬಂದರು. "ಏನಾಯ್ತು ಮಗಾ?"

"ಸ್ಟಾರ್ಟ್ ಆಗ್ತಿಲ್ಲ."

"ಪಂಪು ಕೂಗ್ತಾ?"

"ಕೂಗ್ತು."

"ಹಾಗಾದ್ರೆ ಕರೆಂಟು ನೋಡು. ಬಾನೆಟ್ ತೆಗಿ."

ನಾನು ಬಾನೆಟ್ ತೆಗೆದೆ. ಎದುರು ಮನೆಯ ನಿವೃತ್ತ ಮೇಷ್ಟ್ರು ತರಕಾರಿ ಚೀಲ ಹಿಡಿದು ಹೋಗುತ್ತಿದ್ದವರು ನಿಂತು, "ಎಲ್ಲಿಗೆ ಹೊರಟಿದ್ದಮ್ಮ? ಭದ್ರಾವತಿಗಾ? ನಿಮಿಷಕ್ಕೊಂದು ಬಸ್ಸಿದೆಯಲ್ಲ, ಆಟೋ ಹತ್ಕೊಂಡು ಸ್ಟ್ಯಾಂಡಿಗೆ ಹೋಗು" ಎಂದರು. ಆ ಬೀದಿಯಲ್ಲಿ ಅಂದು ಬುದ್ಧಿ ನೆಟ್ಟಗಿದ್ದವರು ಅವರೊಬ್ಬರೇ. ಅಪ್ಪ ನನಗಿಂತ ಮೊದಲು ಉತ್ತರ ಕೊಟ್ಟರು. "ಇವಳಿಗೆ ಬಸ್ಸೆಂಥದು ಮಾರಾಯ್ರೆ, ಐದು ನಿಮಿಷದ ಕೆಲಸ." ಮೇಷ್ಟ್ರು ನಕ್ಕು ಹೋದರು. ನಾನೂ ನಕ್ಕೆ.

ಗ್ಯಾರೇಜಿನವನಿಗೆ ಒಂದು ಫೋನ್ ಮಾಡಿಬಿಡಲಾ ಎಂದೂ ಕೇಳಿದೆ. "ನೀನಿದ್ದೂ ಮೆಕ್ಯಾನಿಕ್ ಕರೀತೀಯಾ?" ಎಂದರು ಅಪ್ಪ. ಅಷ್ಟು ಸಾಕಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

ಪ್ಲಗ್ಗಿನ ಕಿಡಿ ನೋಡಲು ಇಬ್ಬರು ಬೇಕು. ಒಬ್ಬರು ಬಿಚ್ಚಿದ ಪ್ಲಗ್ಗನ್ನು ವೈರಿನ ಸಮೇತ ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಹಿಡಿಯಬೇಕು, ಇನ್ನೊಬ್ಬರು ಸೆಲ್ಫ್ ಹೊಡೆಯಬೇಕು. ಅಪ್ಪ ತಾವಾಗಿಯೇ ಬಂದು ಡ್ರೈವರ್ ಸೀಟಿನಲ್ಲಿ ಕೂತರು. ಚಿಕ್ಕಂದಿನಲ್ಲಿ ನಾನು ಸೀಟಿನಲ್ಲಿ, ಅಪ್ಪ ಬಾನೆಟ್ಟಿನ ಹತ್ತಿರ, ಈಗ ಅದಲುಬದಲು. ಏನು ಹೇಳಲಿ, ಅಷ್ಟೊಂದು ಅವಸರದಲ್ಲೂ ನನಗೆ ಒಳಗೊಳಗೇ ಖುಷಿಯಾಯಿತು. ಅಮ್ಮ ಹೋದಮೇಲೆ, ತಂಗಿ ಮನೆ ಬಿಟ್ಟ ಮೇಲಂತೂ, ಅಪ್ಪ ನನ್ನ ಜೊತೆ ಇಷ್ಟು ಮಾತಾಡಿದ್ದೇ ಇರಲಿಲ್ಲ. ತಂಗಿಯ ಮದುವೆಯ ದಿನವೇ ಅಪ್ಪ ನನಗೆ ವಾಪಸ್ ಸಿಕ್ಕಿದರು ಅನ್ನಿಸಿತು. ಈಗ ಅದನ್ನು ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

"ಹೊಡೀರಿ ಅಪ್ಪಾ."

ಅಪ್ಪ ಹೊಡೆದರು. ಕಿಡಿ ಇಲ್ಲ. ಪ್ಲಗ್ಗನ್ನು ಮೂಸಿ ನೋಡಿದೆ, ಒಣಗಿತ್ತು. ಅಷ್ಟು ಹೊತ್ತು ಎಂಜಿನ್ನು ತಿರುಗಿಸಿದ ಮೇಲೆ ಅದು ಪೆಟ್ರೋಲಿನಲ್ಲಿ ನೆನೆದಿರಬೇಕಿತ್ತು. ಕಿಡಿಯೂ ಇಲ್ಲ, ಪೆಟ್ರೋಲೂ ಬರುತ್ತಿಲ್ಲ. ಎರಡೂ ಒಟ್ಟಿಗೆ ಕೆಡುವುದು ಅಪರೂಪ. ಎರಡಕ್ಕೂ ಅಪ್ಪಣೆ ಕೊಡುವುದು ಒಂದೇ ಕಡೆಯಿಂದ: ಎಂಜಿನ್ನು ತಿರುಗುತ್ತಿದೆಯೋ ಇಲ್ಲವೋ ಎಂದು ಹೇಳುವ ಒಂದು ಚಿಕ್ಕ ಸೆನ್ಸರು, ಎಂಜಿನ್ನಿನ ಕೆಳಮೂಲೆಯಲ್ಲಿ ಕೂತಿರುತ್ತದೆ. ಅದು ಸುಮ್ಮನಾದರೆ ಗಾಡಿಯ ಕಂಪ್ಯೂಟರಿಗೆ ಎಂಜಿನ್ನು ನಿಂತೇ ಇದೆ ಎಂದು ಲೆಕ್ಕ; ಕಿಡಿಯನ್ನೂ ಬಿಡುವುದಿಲ್ಲ, ಪೆಟ್ರೋಲನ್ನೂ ಬಿಡುವುದಿಲ್ಲ. ನನ್ನ ಗಾಡಿಯಲ್ಲಿ ಇದನ್ನು ತಿಳಿಯುವ ಸುಲಭದ ದಾರಿ ಆರ್‌ಪಿಎಂ ಮುಳ್ಳು. ಸೆಲ್ಫ್ ಹೊಡೆಯುವಾಗ ಅದು ಸ್ವಲ್ಪ ಎದ್ದರೆ ಸೆನ್ಸರು ಸರಿಯಿದೆ, ಮಲಗಿಯೇ ಇದ್ದರೆ ಸೆನ್ಸರಿನ ಕಡೆ ಹೋಗಬೇಕು. ಮೊದಲು ನಾನೇ ಸೀಟಿನಲ್ಲಿದ್ದಾಗ ಮುಳ್ಳನ್ನು ನೋಡಿರಲಿಲ್ಲ, ಕಿವಿ ಕೊಟ್ಟುಕೊಂಡು ಕೂತಿದ್ದೆ.

"ಅಪ್ಪಾ, ಇನ್ನೊಂದ್ಸಲ ಹೊಡೀರಿ. ಮುಳ್ಳು ಏಳ್ತಿದೆಯಾ ನೋಡಿ."

ಎಂಜಿನ್ನು ಗರಗರ ತಿರುಗಿತು.

"ಏಳ್ತಿದೆ" ಎಂದರು ಅಪ್ಪ.

"ಸರಿಯಾಗಿ ನೋಡಿದ್ರಾ?"

"ಕಣ್ಣು ಇನ್ನೂ ಹೋಗಿಲ್ಲ ಮಾರಾಯ್ತಿ. ಏಳ್ತಿದೆ. ಸೆನ್ಸರ್ ಸರಿಯಾಗಿದೆ, ಬೇರೆ ನೋಡು."

ಪ್ಲಗ್ಗನ್ನು ವಾಪಸ್ ಕೂರಿಸಿ ನಾನು ಬೇರೆ ನೋಡಿದೆ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಬೆಳಕಿಗೆ ಹಿಡಿದೆ. ಕರೆಂಟು ಹಾಯಿಸುವ ರಿಲೇ ಕೆಟ್ಟಿದೆಯೋ ಎಂದು ಹಾರನ್ನಿನದನ್ನೂ ಇಗ್ನಿಶನ್ನಿನದನ್ನೂ ಅದಲುಬದಲು ಮಾಡಿದೆ. ಕಿಡಿ ಹುಟ್ಟಿಸುವ ಕಾಯಿಲ್ ಹೋಗಿರಬೇಕು ಎಂದರು ಅಪ್ಪ. ಅದರ ವೈರುಗಳನ್ನು ಬಿಚ್ಚಿ ಒರೆಸಿ ಹಾಕಿದೆ. ಕೀಯ ಒಳಗಿನ ಎಲೆಕ್ಟ್ರಾನಿಕ್ ಚಿಪ್ಪಿನದೇ ಏನೋ ಇರಬೇಕು, ಇನ್ನೊಂದು ಕೀ ತಂದು ನೋಡು ಎಂದರು. ಬೀರುವಿನಲ್ಲಿ ಅದನ್ನು ಹುಡುಕಲು ಇನ್ನಷ್ಟು ಹೊತ್ತು ಹೋಯಿತು. ಪ್ರತಿಯೊಂದು ಸಲಹೆಯೂ ನ್ಯಾಯವಾಗಿತ್ತು. ಬೇರೆ ಯಾರಾದರೂ ಹೇಳಿದ್ದರೆ ನಾನು ಎದುರು ಪ್ರಶ್ನೆ ಹಾಕುತ್ತಿದ್ದೆ. ಅಪ್ಪನ ಬಾಯಿಂದ ಎಂಜಿನ್ನಿನ ವಿಷಯದಲ್ಲಿ ಒಂದು ಸುಳ್ಳು ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ನಡುವೆ ತಂಗಿಯ ಫೋನು. "ಎಲ್ಲಿದೀಯಾ ಅಕ್ಕಾ?" ಅಪ್ಪ ಪಕ್ಕದಲ್ಲೇ ಇದ್ದರು. ತಿರುಗಿ ನಿಂತು, "ಹೊರಟೆ, ಇನ್ನೇನು ಹೊರಟೆ" ಎಂದೆ. ಮತ್ತೆ ಫೋನು. "ಅಕ್ಕಾ, ನಮ್ಮನ್ನ ಕರೀತಿದಾರೆ. ಸ್ವಲ್ಪ ತಡೀರಿ ಅಂತ ಕೇಳ್ಕೊಂಡಿದೀನಿ." "ದಾರೀಲಿದೀನಿ ಕಣೇ" ಎಂದೆ. ಕೈಯಲ್ಲಿ ಸ್ಪ್ಯಾನರು, ರೇಷ್ಮೆ ಸೀರೆಯ ಅಂಚಿಗೆ ಕಪ್ಪು ಎಣ್ಣೆ, ಮನೆ ಗೇಟಿನಿಂದ ಒಂದು ಮಾರು ದೂರವೂ ಹೋಗಿಲ್ಲ. ಸ್ಟಾರ್ಟ್ ಆಗುತ್ತದೆ ಎನ್ನುವ ನಂಬಿಕೆಯಲ್ಲೇ ಹಾಗೆ ಹೇಳಿದ್ದು. ನನ್ನ ಮಾತು ನಂಬಿ ಅವಳು ಬೇರೆ ಸಾಕ್ಷಿ ಹುಡುಕದೆ ಕಾದಳು.

ಆಗ ಬಸ್ಸಿಗೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಾನೆಟ್ ತೆರೆದಿತ್ತು. ನಮ್ಮ ಮನೆಯಲ್ಲಿ ಅದು ಉತ್ತರ. ಬೇರೆಯವರಿಗೆ ಅದು ಹುಚ್ಚು.

ಅಷ್ಟರಲ್ಲಿ ಸೆಲ್ಫಿನ ದನಿ ಇಳಿಯತೊಡಗಿತು. "ಬ್ಯಾಟರಿ ಸುಸ್ತಾಯ್ತು, ಸ್ವಲ್ಪ ಹೊತ್ತು ಬಿಡು" ಎಂದು ಅಪ್ಪ ಬಿಪಿ ಮಾತ್ರೆ ನುಂಗಲು ಒಳಗೆ ಹೋದರು. ನನಗೆ ಬಿಡಲು ಮನಸ್ಸಾಗಲಿಲ್ಲ. ಸೀಟಿನಲ್ಲಿ ಕೂತೆ. ಪಂಪಿನ ದನಿ ಕೇಳಿ ಕೇಳಿ ಸಾಕಾಗಿತ್ತು. ಸುಮ್ಮನೆ ಮೀಟರು ನೋಡುತ್ತಾ ಕೀ ತಿರುಗಿಸಿದೆ. ಎಂಜಿನ್ನು ತಿರುಗಿತು. ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಇನ್ನೊಮ್ಮೆ ತಿರುಗಿಸಿದೆ, ಕೂದಲೆಳೆಯಷ್ಟೂ ಅಲುಗಲಿಲ್ಲ.

ಮೊದಲು ಅನ್ನಿಸಿದ್ದು, ಪಾಪ, ಅಪ್ಪನ ಕಣ್ಣು ನಿಜವಾಗಿಯೂ ಹೋಗಿದೆ ಎಂದು. ಡಾಕ್ಟರಿಗೆ ತೋರಿಸಬೇಕು ಎಂದುಕೊಂಡೇ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿ ಪಕ್ಕಕ್ಕಿಟ್ಟೆ. ಆ ಸೆನ್ಸರು ಕಣ್ಣಿಗೆ ಕಾಣುವುದಿಲ್ಲ, ಡಬ್ಬಿ ತೆಗೆದು ಭುಜದವರೆಗೆ ಕೈ ಇಳಿಸಿ ತಡಕಬೇಕು. ತಡಕಿದೆ. ಸೆನ್ಸರು ಸಿಕ್ಕಿತು, ಅದಕ್ಕೆ ಕೂತಿರಬೇಕಾದ ವೈರಿನ ತುದಿಯ ಕಪ್ಲರು ಅಲ್ಲಿರಲಿಲ್ಲ. ಇನ್ನೂ ಕೆಳಗೆ ಬೆರಳಾಡಿಸಿದರೆ ಜೋತಾಡುತ್ತಿತ್ತು. ಮೇಲಕ್ಕೆ ಎಳೆದು ನೋಡಿದೆ. ಇಲಿ ಕಡಿದದ್ದಲ್ಲ, ತಾನಾಗಿ ಕಳಚಿದ್ದೂ ಅಲ್ಲ. ಕಪ್ಲರಿನ ಬಾಯಿಗೆ ಧೂಳು ಹೋಗದಂತೆ ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟಿನ ಒಂದು ತುಂಡು ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿತ್ತು.

ಬಿಚ್ಚಿಟ್ಟ ಯಾವ ವೈರಿನ ಬಾಯನ್ನೂ ಅಪ್ಪ ಬರಿದೇ ಬಿಡುವವರಲ್ಲ. ಶೆಡ್ಡಿನ ಶಿಸ್ತು. ಮಗಳ ಗಾಡಿ ಕೆಡಿಸುವಾಗಲೂ ಶಿಸ್ತು ಬಿಟ್ಟಿರಲಿಲ್ಲ.

ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಮಾಡಿರಬೇಕು. ಆಮೇಲೆ ಸೋಪು ಹಾಕಿ ಕೈ ತೊಳೆದು, ಕಾಫಿ ಲೋಟ ಹಿಡಿದು ಗೇಟಿಗೆ ಬಂದು, ಏನಾಯ್ತು ಮಗಾ ಎಂದು ಕೇಳಿದರು. ಅಪ್ಪ ಮನಸ್ಸು ಮಾಡಿದ್ದರೆ ನನ್ನನ್ನು ತಡೆಯಲು ನೂರು ದಾರಿಯಿತ್ತು. ಹೋಗಬೇಡ ಎನ್ನಬಹುದಿತ್ತು, ನಾನು ಜಗಳವಾಡಿ ಹೋಗುತ್ತಿದ್ದೆ. ಕೀ ಬಚ್ಚಿಡಬಹುದಿತ್ತು, ಬಸ್ಸು ಹತ್ತುತ್ತಿದ್ದೆ. ಅವರಿಗೆ ಅದು ಗೊತ್ತಿತ್ತು. ಅದಕ್ಕೇ ನನಗೊಂದು ಕೆಲಸ ಕೊಟ್ಟರು. ಸೆಲ್ಫ್ ಹೊಡೆಯುವ, ಸ್ಟಾರ್ಟ್ ಆಗದ ಗಾಡಿಯೊಂದನ್ನು ಮುಂದಿಟ್ಟರೆ ಇವಳು ಏಳುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವರು ಕೆಡಿಸಿದ್ದು ಗಾಡಿಯನ್ನಲ್ಲ. ಭಾನುವಾರಗಳಲ್ಲಿ ಪಕ್ಕದಲ್ಲಿ ನಿಲ್ಲಿಸಿಕೊಂಡು ಪ್ರೀತಿಯಿಂದ ಕಲಿಸಿದ್ದನ್ನೇ ಹಗ್ಗ ಮಾಡಿ ನನ್ನನ್ನು ಕಟ್ಟಿಹಾಕಿದರು. ಈ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ.

ಕಪ್ಲರನ್ನು ಸೆನ್ಸರಿಗೆ ಒತ್ತಿದೆ, ಕಟಕ್ ಎಂದು ಕೂತಿತು. ಡಬ್ಬಿ ಜೋಡಿಸಿ ತಲೆ ಎತ್ತಿದರೆ ಅಪ್ಪ ಬಾಗಿಲಲ್ಲಿ ನಿಂತಿದ್ದರು. ಹಾಲಿನ ಪ್ಯಾಕೆಟ್ಟಿನ ತುಂಡು ನನ್ನ ಕೈಯಲ್ಲೇ ಇತ್ತು. ಅವರು ಅದನ್ನು ನೋಡಿದರು, ಆಮೇಲೆ ತಮ್ಮ ವಾಚು ನೋಡಿಕೊಂಡರು.

"ಹೊತ್ತಾಯ್ತಲ್ಲ ಮಗಾ, ಪೂಜೆ ಮುಗಿದಿರತ್ತೆ. ಇನ್ನೇನು ಹೋಗ್ತೀಯ" ಎಂದರು.

"ಮುಳ್ಳು ಏಳ್ತಿದೆ ಅಂದ್ರಲ್ಲ ಅಪ್ಪಾ" ಎಂದೆ.

ಅಪ್ಪನ ಮುಖದಲ್ಲಿ ನಾಚಿಕೆ ಹುಡುಕಿದೆ, ಇರಲಿಲ್ಲ. ಕೆಲಸ ಮುಗಿಸಿದವರ ಮುಖ ಅದು. ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದರು.

ಗಾಡಿ ಸುಸ್ತಾದ ಬ್ಯಾಟರಿಯಲ್ಲೂ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಬಾನೆಟ್ ಮುಚ್ಚಿ ಹೊರಟೆ. ಹಾರನ್ನಿನ ರಿಲೇಯನ್ನು ಅದಲುಬದಲು ಮಾಡುವಾಗ ಸರಿಯಾಗಿ ಕೂರಿಸಿರಲಿಲ್ಲವೇನೋ, ಹಾರನ್ ಕೆಲಸ ಮಾಡುತ್ತಿರಲಿಲ್ಲ. ತುಂಗಾ ಸೇತುವೆಯ ಮೇಲೆ ಸಿಟಿ ಬಸ್ಸುಗಳ ಹಿಂದೆ ಬಾಯಿ ಕಟ್ಟಿಕೊಂಡು ತೆವಳಿದೆ. ಮಾಚೇನಹಳ್ಳಿ ದಾಟಿದ ಮೇಲೆ ರಸ್ತೆ ಬಿಡುವಾಯಿತು. ವಿದ್ಯಾರ್ಥಿನಿಯರಿಗೆ ಮಾಡಬೇಡಿ ಎಂದು ಹೇಳುವುದನ್ನೆಲ್ಲ ಮಾಡಿಕೊಂಡು ಓಡಿಸಿದೆ. ಅಳು ಬರುತ್ತಿತ್ತು, ಅತ್ತರೆ ರಸ್ತೆ ಕಾಣುವುದಿಲ್ಲ ಎಂದು ಅಳಲಿಲ್ಲ.

ಆಫೀಸಿನ ಮುಂದೆ ಗಾಡಿ ನಿಲ್ಲಿಸುವಾಗ ಅವರು ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದರು. ಇಬ್ಬರ ಕೊರಳಲ್ಲೂ ಹಾರ ಇತ್ತು. ಮೂರನೆಯ ಸಹಿಯನ್ನು ಹೊರಗೆ ಅರ್ಜಿ ಟೈಪ್ ಮಾಡಿಕೊಡುವ ಒಬ್ಬ ಹಾಕಿದ್ದನಂತೆ. ಒಳ್ಳೆಯ ಮನುಷ್ಯ, ಊಟಕ್ಕೆ ಬನ್ನಿ ಎಂದರೆ ಬೇಡ ಎಂದು ತನ್ನ ಮೇಜಿಗೆ ಹೋಗಿ ಕೂತಿದ್ದ. ನನ್ನ ತಂಗಿಯ ಮದುವೆಗೆ ಮನೆಯವರ ಕಡೆಯ ಸಾಕ್ಷಿ ಅವನು. ಹುಡುಗನ ತಾಯಿ, ಚಿಕ್ಕಂದಿನಲ್ಲಿ ನನಗೆ ಎಷ್ಟೋ ಸಲ ಊಟಕ್ಕಿಟ್ಟವರು, "ವಾಮ್ಮಾ, ಬಾಮ್ಮಾ" ಎಂದು ಕೈ ಹಿಡಿದುಕೊಂಡರು. ತಂಗಿ ಹಿಡಿದುಕೊಳ್ಳಲಿಲ್ಲ.

ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿಕೊಂಡು ಬಂದಿದ್ದೆ. ನಿಜ ಹೇಳಿಬಿಡುತ್ತೇನೆ, ಹಾಲಿನ ಪ್ಯಾಕೆಟ್ಟನ್ನು ತೋರಿಸುತ್ತೇನೆ ಎಂದುಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು, "ಅಪ್ಪಂಗೆ ಗೊತ್ತಾಯ್ತಾ?" ಅವಳ ಕಣ್ಣಿನಲ್ಲಿ ಹೆದರಿಕೆ ಇತ್ತು, ಅದರ ಹಿಂದೆ ಇನ್ನೂ ಆಸೆಯಿತ್ತು. "ಗೊತ್ತಾಗಿದ್ರೆ ಬೈತಿದ್ರು ಅಷ್ಟೇ, ಅಡ್ಡ ಬರ್ತಿರ್ಲಿಲ್ಲ ಅಲ್ವಾ? ಇವರ ಅಪ್ಪನ ಮುಖ ನೋಡಿಯಾದ್ರೂ." ಮದುವೆಯ ಹಾರ ಹಾಕಿಕೊಂಡು ನಿಂತವಳಿಂದ ಅಪ್ಪನನ್ನು ಪೂರ್ತಿ ಕಿತ್ತುಕೊಳ್ಳುವುದು ನನ್ನಿಂದಾಗಲಿಲ್ಲ. ಇಲ್ಲ ಕಣೇ, ಗೊತ್ತಾಗಿಲ್ಲ ಎಂದೆ.

"ಮತ್ತೆ ನೀನ್ಯಾಕೆ ಬರ್ಲಿಲ್ಲ?"

"ಕಾರು ಸ್ಟಾರ್ಟ್ ಆಗ್ಲಿಲ್ಲ."

ಅವಳು ನನ್ನನ್ನೇ ನೋಡಿದಳು. "ನಿಂಗೆ?" ಎಂದಳು. "ಬೇರೆ ಯಾರು ಹೇಳಿದ್ರೂ ನಂಬ್ತಿದ್ದೆ ಅಕ್ಕಾ. ದಾರೀಲಿದೀನಿ ಅಂದೆ. ಮನಸ್ಸಿಲ್ಲ ಅಂತ ಬೆಳಿಗ್ಗೇನೇ ಹೇಳ್ಬಹುದಿತ್ತು" ಎಂದಳು. ಕೈಯೆಲ್ಲ ಎಣ್ಣೆ, ಸೀರೆಯೆಲ್ಲ ಎಣ್ಣೆ, ಅದನ್ನು ತೋರಿಸಿದೆ. ಅದನ್ನೂ ಅವಳು ನಂಬಲಿಲ್ಲ. ಕರಿಮಣಿ ಸರವನ್ನು ಕೊರಳಿಗೆ ಹಾಕಲು ಹೋದರೆ ಅಂಗೈ ಚಾಚಿದಳು. ಅಂಗೈಯಲ್ಲಿಟ್ಟೆ. ಅದನ್ನು ನೋಡದೆ ಬ್ಯಾಗಿಗೆ ಹಾಕಿಕೊಂಡಳು.

ಇದೆಲ್ಲ ಆಗಿ ಒಂದೆರಡು ಮಳೆಗಾಲ ಕಳೆದಿದೆ. ಅವಳು ಹಬ್ಬಕ್ಕೆ ಒಂದು ಮೆಸೇಜು ಕಳಿಸುತ್ತಾಳೆ, ಹೂವಿನ ಚಿತ್ರ, ಅಷ್ಟೇ. ನಾನು ನಿಜ ಹೇಳಬೇಕೆಂದು ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡಿದ್ದೇನೆ. ಈಗ ಹೇಳಿದರೆ ಅದು ಅಪ್ಪನ ಮೇಲೆ ಹೊರಿಸಿದ ಹಾಗೆ ಕೇಳಿಸುತ್ತದೆ, ಆ ಹಾಲಿನ ಪ್ಯಾಕೆಟ್ಟನ್ನು ಯಾವತ್ತೋ ಎಸೆದೂಬಿಟ್ಟಿದ್ದೇನೆ. ಅಪ್ಪನಿಗೆ ದಿನಾ ಅಡುಗೆ ಮಾಡಿ ಬಡಿಸುತ್ತೇನೆ, ಮಾತ್ರೆ ಕೊಡುತ್ತೇನೆ. ಆ ದಿನದ ಮಾತು ನಾನೂ ತೆಗೆದಿಲ್ಲ, ಅವರೂ ತೆಗೆದಿಲ್ಲ. ನಾನು ಗಾಡಿ ಸ್ಟಾರ್ಟ್ ಮಾಡುವಾಗ ಅವರು ಗೇಟಿಗೆ ಬರುವುದನ್ನು ನಿಲ್ಲಿಸಿದ್ದಾರೆ.

ಮೊನ್ನೆ ಹೊಳಲೂರಿನ ಕಡೆಯ ನೆಂಟರೊಬ್ಬರು ಅಪ್ಪನಿಗೆ ಫೋನ್ ಮಾಡಿ ಚಿಕ್ಕವಳ ಮದುವೆಯ ವಿಷಯ ಕೆದಕಿದರು. ನಾನು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದೆ. ಅಪ್ಪ ನನಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು:

"ಅವಳು ಹೋದ್ಲು, ಹೋಗ್ಲಿ. ನಮ್ಮನೆಯಿಂದ ಒಬ್ರೂ ಆ ಮದುವೆಗೆ ಹೋಗ್ಲಿಲ್ಲ. ದೊಡ್ಡೋಳು ನನ್ನ ಮಾತು ಮೀರೋಳಲ್ಲ ನೋಡಿ."

ತಂಗಿಯೂ ತನ್ನ ಮನೆಯಲ್ಲಿ, ಅವಳದೇ ಮಾತಿನಲ್ಲಿ, ಇದನ್ನೇ ಹೇಳುತ್ತಿರುತ್ತಾಳೆ.